ಲೇಡಿ ರೋಸಮಂಡ್ ಬಂದ ಮಧ್ಯಾಹ್ನ

ಗುರುವಾರ ಬೆಳಿಗ್ಗೆ ಚರ್ಚಿನ ಹಾಲ್‌ನಲ್ಲಿ ನಡೆದ ಸಭೆಯಲ್ಲಿ ನಾರ್ಮನ್ ಪೀಕ್ ನನ್ನ ಮುಂದೆ ಒಂದು ಹಾಳೆ ಇಟ್ಟ. ಲೆಸ್ಟರಿನ ರೈಲು ನೆನಪುಗಳನ್ನೆಲ್ಲ ಕೂಡಿಸಿ ನಾವು ಹತ್ತು ಹನ್ನೆರಡು ಮುದುಕರು ಒಂದು ಪುಸ್ತಕ ತರುತ್ತಿದ್ದೇವೆ, ಅದರ ಮೂವತ್ತೊಂದನೇ ಪುಟ ಅದು. ‘ನಮ್ಮೂರಿಗೆ ಅಪರೂಪಕ್ಕೆ ಬಂದ ಎಂಜಿನ್‌ಗಳು’ ಎಂದು ತಲೆಬರಹ. ಕೆಳಗೆ ಹದಿನಾರು ಹೆಸರುಗಳು. ನನ್ನ ಎಂಜಿನ್ ಅದರಲ್ಲಿ ಇರಲಿಲ್ಲ.

ಕನ್ನಡಕ ತೆಗೆದು ಒರೆಸಿ ಇನ್ನೊಮ್ಮೆ ನೋಡಿದೆ. ಲೇಡಿ ರೋಸಮಂಡ್ ಎಲ್ಲಿ ಎಂದು ಕೇಳಿದೆ.

“ಸಾಕ್ಷಿ ಇಲ್ಲವಲ್ಲ ಥೆಲ್ಮಾ,” ಎಂದ ಅವನು, ಚಹಾದಲ್ಲಿ ಬಿಸ್ಕತ್ತು ಅದ್ದುತ್ತ. “ನೀನೊಬ್ಬಳು ಹೇಳಿದ್ರೆ ಹೆಂಗೆ ಹಾಕ್ಲಿ? ಆ ಎಂಜಿನ್ನು ಈ ಕಡೆ ಬರೋದೇ ಅಲ್ಲ. ನಾನೂ ನೋಡಿದ್ದೀನಿ ಅನ್ನೋರು ಇನ್ನೊಬ್ಬರಿದ್ರೆ ನಾಳೆ ಹನ್ನೆರಡರೊಳಗೆ ಕರ್ಕೊಂಡು ಬಾ. ಆಮೇಲೆ ಅಚ್ಚಿಗೆ ಹೋಗುತ್ತೆ.”

ಇದೇ ಮಾತನ್ನು ಇದೇ ಮನುಷ್ಯ 1959ರಲ್ಲೂ ನನಗೆ ಹೇಳಿದ್ದ. ಆಗ ಅವನಿಗೆ ಹದಿನೈದು, ಈಗ ಎಂಬತ್ತು. ಕೂದಲು ಉದುರಿದೆ, ಮಂಡಿ ಹೋಗಿದೆ, ಬುದ್ಧಿ ಮಾತ್ರ ಇಟ್ಟಲ್ಲೇ ಇದೆ.

ಆಗ ನನಗೆ ಹನ್ನೆರಡು. ಲಂಡನ್ ರೋಡ್ ಸ್ಟೇಷನ್ನಿನ ಪ್ಲಾಟ್‌ಫಾರ್ಮ್ ಮುಗಿಯುವ ತುದಿಯಲ್ಲಿ ಪ್ರತಿ ಶನಿವಾರ ಹನ್ನೊಂದು ಹುಡುಗರು ಸೇರುತ್ತಿದ್ದರು. ಹನ್ನೆರಡನೆಯವಳು ನಾನು. ಅಣ್ಣ ರಾಡ್ನಿಯ ಬಾಲ ಹಿಡಿದುಕೊಂಡು ಬಂದವಳು ಎಂದು ಹೇಗೋ ಬಿಟ್ಟುಕೊಂಡಿದ್ದರು, ಹುಡುಗಿಗೆ ಎಂಜಿನ್ ವಿಷಯ ಏನು ತಿಳಿಯುತ್ತೆ ಅನ್ನುವ ಧಾಟಿ ಎಲ್ಲರದ್ದೂ. ದೇಶದ ಎಂಜಿನ್‌ಗಳ ನಂಬರುಗಳನ್ನೆಲ್ಲ ಅಚ್ಚು ಹಾಕಿದ ಪುಟ್ಟ ಪುಸ್ತಕ ಎಲ್ಲರ ಜೇಬಿನಲ್ಲಿ ಇರುತ್ತಿತ್ತು. ನೋಡಿದ ನಂಬರಿನ ಕೆಳಗೆ ಸ್ಕೇಲು ಇಟ್ಟು ಗೆರೆ ಎಳೆಯಬೇಕು. ಕಣ್ಣಾರೆ ನೋಡದ್ದಕ್ಕೆ ಗೆರೆ ಎಳೆದವನಿಗಿಂತ ಕೀಳು ಮನುಷ್ಯ ಲೆಸ್ಟರಿನಲ್ಲಿ ಇನ್ನೊಬ್ಬನಿಲ್ಲ. ಈ ಕಡೆ ಎಂದೂ ಬಾರದ ಎಂಜಿನ್ ನೋಡಿದೆ ಎಂದು ಒಬ್ಬ ಹೇಳಿದರೆ ಇನ್ನೊಬ್ಬ ಹೌದೆನ್ನಬೇಕು. ಅದು ನಾರ್ಮನ್ ಮಾಡಿದ ಕಾನೂನು.

ಆ ಏಪ್ರಿಲ್ ಶನಿವಾರ ನಾನೂ ರಾಡ್ನಿಯೂ ಸ್ಟೇಷನ್ನಿಗೆ ಹೋಗದೆ ನೈಟನ್ ಹತ್ತಿರದ ಸೇತುವೆಯ ಮೇಲೆ ನಿಂತಿದ್ದೆವು. ದಕ್ಷಿಣದಿಂದ ಬರುವ ಕೆಲವು ಗಾಡಿಗಳು ಅಲ್ಲಿಂದಲೇ ಬರ್ಟನ್ ಕಡೆಯ ಹಳಿಗೆ ತಿರುಗಿಬಿಡುತ್ತವೆ, ಸ್ಟೇಷನ್ನಿನಲ್ಲಿ ಇದ್ದವರಿಗೆ ಅವು ಕಾಣುವುದೇ ಇಲ್ಲ. ಮೂರೂಮುಕ್ಕಾಲಕ್ಕೆ ಲೇಡಿ ರೋಸಮಂಡ್ ಬಂತು. ಹೆಸರು ಓದಿದೆ, ನಂಬರು ಓದಿದೆ, ಗೆರೆ ಎಳೆದೆ, ಎದ್ದೆನೋ ಬಿದ್ದೆನೋ ಎಂದು ಸ್ಟೇಷನ್ನಿಗೆ ಓಡಿದೆ. ನಾರ್ಮನ್ ನಕ್ಕುಬಿಟ್ಟ. ಆಮೇಲೆ ರಾಡ್ನಿಯನ್ನು ಕೇಳಿದ. ರಾಡ್ನಿ ತನ್ನ ಬೂಟು ನೋಡಿಕೊಳ್ಳುತ್ತ, “ನಾನು ನೋಡಿಲ್ಲ” ಅಂದ. ಹುಡುಗರೆಲ್ಲ ಸುತ್ತ ನಿಂತು ನನ್ನ ಕೈಯಿಂದಲೇ ಆ ಗೆರೆಯನ್ನು ಅಳಿಸಿಸಿದರು. ಅದಾದ ಮೇಲೆ ನಾನು ಆ ಪ್ಲಾಟ್‌ಫಾರ್ಮಿಗೆ ಹೋಗಲಿಲ್ಲ.

ಇದೇನು ಅಷ್ಟು ದೊಡ್ಡ ವಿಷಯವಾ ಎಂದು ಕೇಳಬಹುದು. ಅಲ್ಲ. ಆದರೆ ಕಾಲುಚೀಲದ ಕಾರ್ಖಾನೆಯಲ್ಲಿ ಮೂವತ್ತೆರಡು ವರ್ಷ ನನ್ನ ಕೆಲಸ ನೋಡುವುದೇ ಆಗಿತ್ತು. ಒಂದು ಹೊಲಿಗೆ ತಪ್ಪಿದ್ದರೂ ಹಿಡಿಯಬೇಕು, ಪಕ್ಕಕ್ಕೆ ಎಸೆಯಬೇಕು. ನಾನು ಎಸೆದದ್ದನ್ನು ಮತ್ತೊಬ್ಬರು ತೆಗೆದು ನೋಡುತ್ತಿರಲಿಲ್ಲ, ಥೆಲ್ಮಾ ನೋಡಿದ್ದಾಳೆ ಅಂದರೆ ಮುಗಿಯಿತು. ಆ ಒಂದು ಮಧ್ಯಾಹ್ನದ ಮಟ್ಟಿಗೆ ಮಾತ್ರ ನನ್ನ ಕಣ್ಣಿಗೆ ಬೆಲೆಯಿಲ್ಲ. ನನ್ನ ಗಂಡ ಬದುಕಿದ್ದಾಗ ಈ ಮಾತು ತೆಗೆದರೆ, “ಆಯ್ತು ಬಿಡು, ನೋಡಿದ್ದೀಯ” ಅನ್ನುತ್ತಿದ್ದ. ಅಳುವ ಕೂಸಿಗೆ ಸಮಾಧಾನ ಹೇಳುವ ದನಿ ಅದು. ಅದನ್ನು ಕೇಳಿದರೆ ನನಗೆ ಇನ್ನಷ್ಟು ಮೈ ಉರಿಯುತ್ತಿತ್ತು.

ಸಭೆಯಿಂದ ಮನೆಗೆ ಬಂದವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಎರಡು ಸಲ ಚಹಾಕ್ಕೆ ನೀರಿಟ್ಟೆ, ಎರಡು ಸಲವೂ ಚಹಾ ಮಾಡುವುದನ್ನು ಮರೆತೆ. ಒಗೆದ ಬಟ್ಟೆ ಹರವಲು ಹೋಗಿ ಅರ್ಧಕ್ಕೇ ಬಿಟ್ಟು ಬಂದೆ. ಇನ್ನೊಬ್ಬ ಸಾಕ್ಷಿ ಜಗತ್ತಿನಲ್ಲಿ ಒಬ್ಬನೇ ಇದ್ದ, ರಾಡ್ನಿ. ಕ್ರಿಸ್‌ಮಸ್ಸಿಗೊಂದು ಕಾರ್ಡು, ಸತ್ತವರ ಮನೆಯಲ್ಲೊಂದು ಭೇಟಿ, ಇಷ್ಟು ಬಿಟ್ಟರೆ ನನಗೂ ಅವನಿಗೂ ಮಾತುಕತೆ ಕಡಿಮೆ. ಕೋಟು ಹಾಕಿಕೊಂಡು, ಅವನ ಮನೆಯಿರುವ ವಿಗ್‌ಸ್ಟನ್ ಕಡೆಯ ಬಸ್ಸು ಹತ್ತಿದೆ. ಪ್ರತಿ ಸಿಗ್ನಲ್ಲಿನಲ್ಲೂ ಆ ಬಸ್ಸು ನಿಂತಿತು. ಇಳಿದು ನಡೆದಿದ್ದರೆ ಬೇಗ ಸೇರುತ್ತಿದ್ದೆ ಅನ್ನಿಸಿ ಎರಡು ಸಲ ಎದ್ದು ನಿಂತೆ, ಎರಡು ಸಲ ಕೂತೆ.

ರಾಡ್ನಿ ಹಿತ್ತಲಿನ ಶೆಡ್ಡಿನಲ್ಲಿ ಟೊಮೆಟೊ ಸಸಿಗಳನ್ನು ಕುಂಡಕ್ಕೆ ಬದಲಿಸುತ್ತಿದ್ದ. ನಲ್ಲಿ ರಿಪೇರಿ ಮಾಡಿಕೊಂಡೇ ಜೀವನ ಸಾಗಿಸಿದವನು, ಎಪ್ಪತ್ತೊಂಬತ್ತಾದರೂ ಬೆರಳು ಒಂದು ಚೂರೂ ನಡುಗುವುದಿಲ್ಲ. ನನ್ನನ್ನು ನೋಡಿ, ಯಾರು ಸತ್ತರು ಎಂದು ಕೇಳಿದ.

“ಯಾರೂ ಸತ್ತಿಲ್ಲ. ನಾಳೆ ನಾರ್ಮನ್ ಹತ್ರ ಬಂದು ನಿಜ ಹೇಳು. ಲೇಡಿ ರೋಸಮಂಡ್ ನೀನೂ ನೋಡ್ದೆ. ನನ್ನ ಪಕ್ಕದಲ್ಲೇ ನಿಂತಿದ್ದೆ. ಅವತ್ತು ಅವನಿಗೆ ಹೆದರಿ ಸುಳ್ಳು ಹೇಳ್ದೆ.”

ಅವನು ಸಸಿಯನ್ನು ನಿಧಾನಕ್ಕೆ ಕುಂಡದಲ್ಲಿ ನಿಲ್ಲಿಸಿ ಸುತ್ತ ಮಣ್ಣು ಒತ್ತಿದ.

“ಸುಳ್ಳಲ್ಲ ಕಣೇ. ನಿಜವಾಗ್ಲೂ ನೋಡ್ಲಿಲ್ಲ. ನನ್ನ ಕಣ್ಣಿಗೆ ಮಸಿ ಬಿದ್ದಿತ್ತು.”

ಯಾವ ಮಸಿ ಎಂದು ಕೇಳಿದೆ. ಅವನು ಹೇಳುತ್ತ ಹೋದ. ಅದಕ್ಕೆ ಮುಂಚೆ ಬಂದ ಗಾಡಿಯ ಹೊಗೆ ಸೇತುವೆಯ ಮೇಲೆ ಕವಿದಿತ್ತು. ಕಿಡಿಯಂಥ ಒಂದು ಚೂರು ಕಣ್ಣೊಳಗೆ ಹೋಗಿತ್ತು. ಅವನು ಕಟ್ಟೆಗೆ ಬೆನ್ನು ಕೊಟ್ಟು ಮುಖ ಮೇಲೆ ಮಾಡಿ ನಿಂತಿದ್ದ. ನಾನು ಅವನ ರೆಪ್ಪೆ ಎತ್ತಿ ಹಿಡಿದು ಕರವಸ್ತ್ರದ ತುದಿಯಿಂದ ಅದನ್ನು ತೆಗೆಯುತ್ತಿದ್ದೆ.

“ಎಂಜಿನ್ ಸದ್ದು ಕೇಳಿದ್ದೇ ತಡ, ನೀನು ನನ್ನ ಕಣ್ಣನ್ನ ಅಲ್ಲೇ ಬಿಟ್ಟು ಆ ಕಡೆ ಹಾರ್ದೆ,” ಎಂದ. “ನಂಗೆ ಎರಡು ಕಣ್ಣಲ್ಲೂ ನೀರು. ಉಜ್ಜಿ ಉಜ್ಜಿ ಕಣ್ಣು ಬಿಟ್ಟು ತಿರುಗೋ ಹೊತ್ತಿಗೆ ಬರೀ ಹೊಗೆ. ನೀನು ಹೆಸರು ಕೂಗಿದ್ದು ಮಾತ್ರ ಕೇಳಿಸ್ತು.”

ನನಗೆ ಆ ಕರವಸ್ತ್ರ ನೆನಪೇ ಇರಲಿಲ್ಲ. ನನ್ನ ನೆನಪಿನಲ್ಲಿ ರಾಡ್ನಿ ಕಟ್ಟೆಯ ಮೇಲೆ ಮೊಣಕೈ ಊರಿ, ಕಣ್ಣರಳಿಸಿ, ನನ್ನ ಹಾಗೆಯೇ ಹಳಿಯ ಕಡೆ ನೋಡುತ್ತಿದ್ದ. ಅರವತ್ತೈದು ವರ್ಷ ಆ ಮುಖಕ್ಕೇ ನಾನು ಶಾಪ ಹಾಕುತ್ತ ಬಂದಿದ್ದೆ. ಆ ಮುಖವನ್ನು ನಾನೇ ಕಟ್ಟಿಕೊಂಡಿದ್ದೆ ಅನ್ನುವುದು ಈಗ ಗೊತ್ತಾಯಿತು. ಅದೊಂದನ್ನು ಕಟ್ಟಿಕೊಂಡವಳು ಉಳಿದದ್ದನ್ನೂ ಕಟ್ಟಿಕೊಂಡಿರಬಹುದಲ್ಲ. ನಾನು ಮಣ್ಣಿನ ಚೀಲದ ಮೇಲೆಯೇ ಕೂತುಬಿಟ್ಟೆ.

ರಾಡ್ನಿಗೆ ನನ್ನ ಮುಖ ನೋಡಲಾಗಲಿಲ್ಲವೇನೋ. “ನಾಳೆ ಬರ್ತೀನಿ ಬಿಡು,” ಎಂದ. “ನೋಡಿದೆ ಅಂತ ಹೇಳ್ತೀನಿ. ಒಂದು ಮಾತು ತಾನೆ. ಅವತ್ತೇ ಹೇಳ್ಬಹುದಿತ್ತು ಅಂತ ಎಷ್ಟೋ ಸಲ ಅನ್ಕೊಂಡಿದ್ದೀನಿ.”

ಬೇಡ ಅನ್ನಬೇಕಿತ್ತು. ಅನ್ನಲಿಲ್ಲ. ಹತ್ತೂವರೆಗೆ ಬಾ ಎಂದು ಹೇಳಿ ಎದ್ದೆ.

ಆ ರಾತ್ರಿ ಕಣ್ಣಿಗೆ ಕಣ್ಣು ಹತ್ತಲಿಲ್ಲ. ಬೆಳಿಗ್ಗೆ ಏಳಕ್ಕೇ ತಯಾರಾಗಿ, ಎಂಟಕ್ಕೆ ಮನೆ ಬಿಟ್ಟು, ಚರ್ಚಿನ ಹಾಲ್ ಬಾಗಿಲು ತೆರೆಯುವ ತನಕ ಮಾರ್ಕೆಟ್ಟನ್ನು ಮೂರು ಸುತ್ತು ಹಾಕಿದೆ. ಎರಡನೇ ಸುತ್ತಿನಲ್ಲಿ, ನೋಡಿದ್ದು ನಿಜ, ಅದನ್ನು ಪುಸ್ತಕಕ್ಕೆ ಸೇರಿಸಲು ಒಂದು ಸಣ್ಣ ಸುಳ್ಳು ಬೇಕಾದರೆ ಏನಂತೆ ಎಂದು ನನಗೆ ನಾನೇ ಹೇಳಿಕೊಂಡೆ. ಮೂರನೇ ಸುತ್ತಿನಲ್ಲಿ ಅದನ್ನೇ ಇನ್ನೂ ಗಟ್ಟಿಯಾಗಿ ಹೇಳಿಕೊಂಡೆ. ತರಕಾರಿ ಅಂಗಡಿಯವಳು ಏನು ಬೇಕಮ್ಮ ಎಂದು ಕೇಳಿದಳು.

ರಾಡ್ನಿ ಕೋಟು ಟೈ ಹಾಕಿಕೊಂಡು ಬಂದಿದ್ದ. ನಾರ್ಮನ್ ಎದುರು ಕೂತು ಕೆಮ್ಮಿ ಗಂಟಲು ಸರಿಮಾಡಿಕೊಂಡ. ಒಂದು ಮಾತು ಹೇಳಿ ಮುಗಿಸುತ್ತಾನೆ ಎಂದು ನಾನು ಅಂದುಕೊಂಡಿದ್ದೆ. ಎಲ್ಲಿ! ಬಿಸಿಲು ಹೇಗೆ ಬಿದ್ದಿತ್ತು, ಎಂಜಿನ್ ಹೇಗೆ ಥಳಥಳ ಹೊಳೆಯುತ್ತಿತ್ತು, ಡ್ರೈವರು ತನಗೆ ಹೇಗೆ ಕೈ ಬೀಸಿದ ಎಂದು ಶುರುಮಾಡಿದ. ಸೇತುವೆಗೆ ಹೋಗಿದ್ದು ಅಪ್ಪನಿಗೆ ಗೊತ್ತಾದರೆ ಕಿವಿ ಹಿಂಡುತ್ತಿದ್ದರು, ಅದಕ್ಕೇ ಅವತ್ತು ನೋಡಿಲ್ಲ ಎಂದು ಸುಳ್ಳು ಹೇಳಿದೆ ಎಂದೂ ಸೇರಿಸಿದ. ಬಾಕಿ ಮುದುಕರು ಕುರ್ಚಿ ಎಳೆದುಕೊಂಡು ಹತ್ತಿರ ಬಂದರು. ಒಬ್ಬ ಅವನ ಭುಜ ತಟ್ಟಿದ, ಇನ್ನೊಬ್ಬ ಅವನಿಗೆ ಹಂದಿಮಾಂಸದ ಪೈ ಕೊಯ್ದು ಕೊಟ್ಟ. ನಾರ್ಮನ್ ಒಂದೇ ಒಂದು ಅಡ್ಡಪ್ರಶ್ನೆ ಹಾಕಲಿಲ್ಲ. ಹಾಳೆಯ ಕೆಳಗೆ ಹದಿನೇಳನೆಯ ಸಾಲು ಬರೆದು ಎಲ್ಲರಿಗೂ ಕೇಳುವ ಹಾಗೆ ಓದಿದ.

“ಲೇಡಿ ರೋಸಮಂಡ್. 1959, ಏಪ್ರಿಲ್. ನೋಡಿದವರು ರಾಡ್ನಿ ಟ್ಯಾನ್ಸ್ಲಿ. ಜೊತೆಯಲ್ಲಿ ಅವರ ತಂಗಿ.”

ಆಮೇಲೆ ನನ್ನ ಕಡೆ ತಿರುಗಿ, ಈಗ ಸಮಾಧಾನವಾಯಿತಾ ಎಂದು ಕೇಳಿದ.

ನಾನು ಸತ್ಯಕ್ಕೋಸ್ಕರ ಬಾಯಿ ಬಿಟ್ಟೆ ಎಂದು ಹೇಳಿಕೊಳ್ಳಬಹುದು. ಅದು ಪೂರ್ತಿ ನಿಜವಲ್ಲ, ಹೊಟ್ಟೆಕಿಚ್ಚೂ ಇತ್ತು. ಕಣ್ಣು ಮುಚ್ಚಿಕೊಂಡು ನಿಂತಿದ್ದವನಿಗೆ ಎಂಜಿನ್ ಸಿಕ್ಕಿತು, ಪೈ ಸಿಕ್ಕಿತು, ನಾನು ‘ಜೊತೆಯಲ್ಲಿ ತಂಗಿ’ ಆದೆ. ಆದರೆ ಅದಕ್ಕಿಂತ ಹೆಚ್ಚಾಗಿ ನನ್ನನ್ನು ಚುಚ್ಚಿದ್ದು ಆ ಥಳಥಳ ಅನ್ನುವ ಮಾತು. ಲೇಡಿ ರೋಸಮಂಡ್ ಹೊಳೆಯುತ್ತಿರಲಿಲ್ಲ. ಅವನು ಹಾಗೆ ಅಂದ ಕ್ಷಣವೇ ನನ್ನ ತಲೆಯೊಳಗೆ ಯಾರೋ ‘ಅಲ್ಲ’ ಅಂದರು. ನಿಜಕ್ಕೂ ನೋಡಿದ್ದೆನಾ ಎಂದು ಹಿಂದಿನ ದಿನದಿಂದ ಕಾಡುತ್ತಿದ್ದ ಅನುಮಾನ ಅಲ್ಲಿಗೆ ನಿಂತಿತು.

“ಅವನು ನೋಡಿಲ್ಲ,” ಎಂದೆ. “ಅವನ ಕಣ್ಣಿಗೆ ಮಸಿ ಬಿದ್ದಿತ್ತು. ಆ ಸಾಲು ಹೊಡೆದುಹಾಕು.”

ರಾಡ್ನಿ ಪೈ ಕೆಳಗಿಟ್ಟ. ನಾರ್ಮನ್ ಪೆನ್ನು ಹಿಡಿದುಕೊಂಡೇ ನನ್ನ ಕಡೆ ತಿರುಗಿದ. ಹಾಗಾದರೆ ಸಾಕ್ಷಿ ಇಲ್ಲದಂತಾಯಿತು, ಪುಸ್ತಕಕ್ಕೆ ಬರುವುದಿಲ್ಲ ಎಂದ.

“ಗೊತ್ತು,” ಎಂದೆ. “ನೋಡಿದ್ದು ನಾನೊಬ್ಬಳೇ.”

ಅವನು ಆ ಸಾಲನ್ನು ಹೊಡೆದುಹಾಕಿದ. ಬೇಕೆಂದೇ ಮಾಡಿದ ಎಂದು ನಾನು ಹೇಳುವುದಿಲ್ಲ. ಕಾನೂನು ಬಿಟ್ಟರೆ ಅವನಿಗೆ ಬೇರೆ ದಾರಿ ಗೊತ್ತಿಲ್ಲ, ಪಾಪ. ನಾನು ಕೋಟು ತೆಗೆದುಕೊಂಡು ಹೊರಗೆ ಬಂದೆ.

ಬಸ್ ಸ್ಟಾಪಿನವರೆಗೂ ರಾಡ್ನಿ ನನ್ನ ಹಿಂದೆ ಬೈಯುತ್ತಲೇ ಬಂದ. ಹುಚ್ಚಿ, ಕೈಗೆ ಬಂದದ್ದನ್ನು ಒದ್ದೆ, ನಾಲ್ಕು ಜನರ ಮುಂದೆ ನನ್ನ ಮಾನ ತೆಗೆದೆ, ಈ ಟೈ ಕಟ್ಟಿಕೊಳ್ಳುವುದಕ್ಕೆ ಎಷ್ಟು ಹೊತ್ತು ಹಿಡಿಯಿತು ಗೊತ್ತಾ ಎಂದೆಲ್ಲ ಅಂದ. ಮಾನ ತೆಗೆದದ್ದು ನಿಜ, ಕ್ಷಮಿಸು ಎಂದೆ. ಅರವತ್ತೈದು ವರ್ಷ ನಿನ್ನನ್ನು ಸುಳ್ಳುಗಾರ ಎಂದುಕೊಂಡಿದ್ದಕ್ಕೂ ಕ್ಷಮಿಸು ಎಂದೆ. ಸ್ಟಾಪಿನ ಬೆಂಚಿನ ಮೇಲೆ ಇಬ್ಬರೂ ಕೂತೆವು. ಟೈ ಸಡಿಲ ಮಾಡಿಕೊಂಡು, ರಸ್ತೆಯ ಕಡೆ ನೋಡುತ್ತ, ಅವನು ಕೇಳಿದ.

“ಅದಿರ್ಲಿ, ಹೆಂಗಿತ್ತು ಅದು?”

ಈ ಪ್ರಶ್ನೆಯನ್ನು ನನಗೆ ಯಾರೂ ಯಾವತ್ತೂ ಕೇಳಿರಲಿಲ್ಲ. ನೋಡಿದೆಯೋ ಇಲ್ಲವೋ ಎಂದು ಕೇಳಿದ್ದರೇ ಹೊರತು ಹೇಗಿತ್ತು ಎಂದಲ್ಲ.

ಹೇಳಿದೆ. ಹಸಿರು ಬಣ್ಣ ಎಂದು ಹುಡುಕಿ ತಿಳಿಯಬೇಕು, ಅಷ್ಟು ಗಲೀಜಾಗಿತ್ತು. ಯಾರೋ ಹೆಸರಿನ ಹಲಗೆಯನ್ನು ಮಾತ್ರ ಉಜ್ಜಿದ್ದರು, ಅದರಲ್ಲೂ ಕೊನೆಯ ಎರಡು ಅಕ್ಷರ ಉಜ್ಜದೆ ಬಿಟ್ಟಿದ್ದರು. ತಿರುವಿನಲ್ಲಿ ಸಿಗ್ನಲ್ ಸಿಗದೆ ನಡೆಯುವಷ್ಟು ನಿಧಾನಕ್ಕೆ ಬಂತು. ಕೆಂಪು ಕೂದಲಿನ ಒಬ್ಬ ಕೆಲಸಗಾರ ಬಾಗಿಲಲ್ಲಿ ಕಾಲು ಇಳಿಬಿಟ್ಟು ಕೂತು ಡಬ್ಬಿಯಿಂದ ಚಹಾ ಕುಡಿಯುತ್ತಿದ್ದ, ನಮ್ಮ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಚಕ್ರಕ್ಕೆ ಎಲ್ಲೋ ಏಟು ಬಿದ್ದಿತ್ತು, ಪ್ರತಿ ಸುತ್ತಿಗೂ ಟಕ್ ಎಂದು ಒಂದು ಸದ್ದು ಬರುತ್ತಿತ್ತು. ಎಂಜಿನ್ ಹಿಂದೆ ಎಷ್ಟು ಬೋಗಿ ಇದ್ದವು ಎಂದು ರಾಡ್ನಿ ಕೇಳಿದ. ನೆನಪಿಲ್ಲ ಎಂದೆ. ನಂಬರು ಕೇಳಿದ. ಐದು ಅಂಕಿಯನ್ನೂ ಹೇಳಿದೆ.

ವಿಗ್‌ಸ್ಟನ್ ಬಸ್ಸು ಒಂದು ಬಂದು ಹೋಯಿತು. ಇಬ್ಬರೂ ಏಳಲಿಲ್ಲ. ರಾಡ್ನಿ ಮುಖ ಸಿಂಡರಿಸಿಕೊಂಡು ಮಂಡಿಯ ಮೇಲೆ ಮುಷ್ಟಿಯಿಂದ ಗುದ್ದಿಕೊಂಡ.

“ಥೂ,” ಎಂದ. “ನಿನ್ನಿಂದ ಎರಡಡಿ ದೂರ ನಿಂತ್ಕೊಂಡು ತಪ್ಪಿಸ್ಕೊಂಡ್ನಲ್ಲೇ. ಅಷ್ಟು ನಿಧಾನಕ್ಕೆ ಬಂದಿದ್ದನ್ನ. ನೀನು ನೋಡ್ಬಿಟ್ಟೆ, ನಾನು ನೋಡ್ಲಿಲ್ಲ.”

ಅವನಿಗೆ ಹೊಟ್ಟೆ ಉರಿಯುತ್ತಿತ್ತು. ಸುಳ್ಳು ಸಮಾಧಾನವಲ್ಲ, ಔದಾರ್ಯವೂ ಅಲ್ಲ, ಒಳಗಿನಿಂದ ಸುಡುವ ಅಪ್ಪಟ ಹೊಟ್ಟೆಕಿಚ್ಚು. ಒಬ್ಬ ನಿಜಕ್ಕೂ ನೋಡಿದ್ದಾನೆ ಎಂದು ಗೊತ್ತಿದ್ದರೆ ಮಾತ್ರ ಪ್ಲಾಟ್‌ಫಾರ್ಮಿನ ಹುಡುಗರ ಮುಖದಲ್ಲಿ ಅದು ಮೂಡುತ್ತಿತ್ತು. ಮುಂದಿನ ಬಸ್ಸಿಗೆ ಕೈ ತೋರಿಸುವುದನ್ನೂ ಮರೆತು ನಾನು ಆ ಮುಖವನ್ನೇ ನೋಡುತ್ತ ಕೂತೆ.