ಅಂಚು ಸೀಳದ ಪುಸ್ತಕ

ಹೆಂಡತಿ ಪುಸ್ತಕ ಹಿಡಿದು ಕೂತಿದ್ದಾಳೆ ಎಂದರೆ ಮನೆಯಲ್ಲಿ ಎಲ್ಲ ಸರಿಯಾಗಿದೆ ಎಂದೇ ನಮ್ಮ ಬೀದಿಯ ಬೈಂಡರನ ಲೆಕ್ಕ. ಪುಸ್ತಕ ಹೊಲಿದು ರಟ್ಟು ಕಟ್ಟುವುದು ಅವನ ಕೆಲಸ. ಅಚ್ಚಾದ ದೊಡ್ಡ ಹಾಳೆಯನ್ನು ಮಡಚಿ ಹೊಲಿದ ಮೇಲೆ ಅಂಚು ಕತ್ತರಿಸಬೇಕು. ಇಲ್ಲದಿದ್ದರೆ ಪುಟಗಳು ಕೂಡಿಕೊಂಡೇ ಇರುತ್ತವೆ. ಅಂಚು ಕತ್ತರಿಸುವ ಮೊದಲೇ ಹೊಲಿಗೆ ಕೆಟ್ಟ ಪ್ರತಿಗಳನ್ನು ಅವನು ಮನೆಗೆ ತರುತ್ತಿದ್ದ. ಹೆಂಡತಿ ಚಾಕುವಿನಿಂದ ಅಂಚು ಸೀಳಿಕೊಳ್ಳುತ್ತ ಓದುತ್ತಿದ್ದಳು. ಓದು ಎಂದರೆ ಅವಳಿಗೆ ಪ್ರಾಣ. ಒಲೆಯ ಮೇಲೆ ಹಾಲು ಉಕ್ಕಿದ್ದು ಬೀದಿಗೆಲ್ಲ ಗೊತ್ತಾದ ಮೇಲೆ ಅವಳಿಗೆ ಗೊತ್ತಾಗುತ್ತಿತ್ತು.

ಎಲೆ ಉದುರುವ ಕಾಲ ಬಂತು. ಅವಳು ಊಟ ಅರ್ಧಕ್ಕೇ ಬಿಡತೊಡಗಿದಳು. ನಸುಕಿಗೇ ಎಚ್ಚರಾಗಿ ಕೂರುತ್ತಿದ್ದಳು. ಕೇಳಿದರೆ ಏನಿಲ್ಲ ಎನ್ನುತ್ತಿದ್ದಳು. ಹೊತ್ತೆಲ್ಲ ಕಿಟಕಿ ಪಕ್ಕ, ಮಡಿಲಲ್ಲಿ ಪುಸ್ತಕ. ಕೆಲಸ ತಪ್ಪಿಸಿಕೊಳ್ಳಲು ಒಳ್ಳೇ ಉಪಾಯ ಎಂದು ಅವಳ ಅತ್ತೆ ಗೊಣಗಿದರು. ಓದುತ್ತಿದ್ದಾಳಲ್ಲ, ಕಾಲ ಬದಲಾದರೆ ಸರಿಹೋಗುತ್ತಾಳೆ ಎಂದುಕೊಂಡು ಬೈಂಡರ್ ಇನ್ನೆರಡು ಪುಸ್ತಕ ತಂದಿಟ್ಟ.

ಎದುರುಮನೆಯ ನರ್ಸಕ್ಕ ಒಂದು ಮಧ್ಯಾಹ್ನ ಮಾತಾಡಿಸಲು ಬಂದರು. ಕಥೆ ಎಲ್ಲಿಗೆ ಬಂತು ಎನ್ನುತ್ತ ಪುಸ್ತಕ ಕೈಗೆತ್ತಿಕೊಂಡರು. ಒಂದು ಅಂಚೂ ಸೀಳಿರಲಿಲ್ಲ. ಉಳಿದೆರಡರ ಗತಿಯೂ ಅಷ್ಟೇ. ಅವರು ಅದನ್ನು ಊಟಕ್ಕೆ ಮನೆಗೆ ಬಂದಿದ್ದ ಬೈಂಡರನ ಕೈಗೆ ಕೊಟ್ಟರು. ತಾನೇ ಹೊಲಿದ ಪುಸ್ತಕ, ದಿನಾ ಕಣ್ಣೆದುರಿಗೇ ಇದ್ದದ್ದು. ಅವನಿಗೆ ನಾಚಿಕೆಯೂ ಆಯಿತು, ಭಯವೂ ಆಯಿತು.

"ಮೊದಲ್ನೇ ಪುಟ ದಾಟೋಕೇ ಆಗ್ತಿಲ್ಲ ನರ್ಸಕ್ಕ," ಎಂದಳು ಹೆಂಡತಿ. "ಪುಸ್ತಕ ಹಿಡ್ಕೊಂಡಿದ್ರೆ ಯಾರೂ ಏನೂ ಕೇಳಲ್ಲ, ಅದಕ್ಕೇ ಹಿಡ್ಕೊಂಡಿರ್ತೀನಿ."

ಸಾಯಬೇಕು ಅನ್ನಿಸುತ್ತದೆಯೇ ಎಂದು ನರ್ಸಕ್ಕ ನೇರವಾಗಿಯೇ ಕೇಳಿದರು. ಹಾಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟುವುದಿಲ್ಲ. ಇದ್ದವರಿಗೆ ಹೇಳಿಕೊಳ್ಳಲು ದಾರಿಯಾಗುತ್ತದೆ. ಒಮ್ಮೊಮ್ಮೆ ಎಂದಳು ಅವಳು. ಬಾಗಿಲಲ್ಲಿದ್ದ ಅತ್ತೆ ಬಂದು ಸೊಸೆಯ ಕೈ ಹಿಡಿದುಕೊಂಡರು.

ಬೈಂಡರ್ ಆಗಲೂ ಹಿಂಜರಿದ. "ಆಸ್ಪತ್ರೆಗೆ ಹೋದ್ರೆ ಜನ ತಲೆ ಕೆಟ್ಟಿದೆ ಅಂತಾರೆ. ಮರ ಎಲೆ ಉದುರಿಸಿ ಮತ್ತೆ ತಾನೇ ಚಿಗುರಲ್ವಾ? ಇವಳೂ ಸ್ವಲ್ಪ ಧೈರ್ಯ ತಂದ್ಕೊಂಡ್ರೆ ಆಯ್ತು."

"ಎಲೆ ಉದುರೋದು ಮರಕ್ಕೆ ಕಾಯಿಲೆ ಅಲ್ಲ ಕಣಪ್ಪ. ಇದು ಖಿನ್ನತೆ ಇರಬಹುದು, ಅದು ಕಾಯಿಲೆ. ಡಾಕ್ಟರ್ ನೋಡ್ಲಿ. ಕಾಲು ಮುರಿದವರಿಗೆ ಧೈರ್ಯ ತಂದ್ಕೊಂಡು ನಡಿ ಅಂತೀವಾ? ಜನರ ಬಾಯಿಗೆ ಹೆದರಿ ಇವಳನ್ನ ಕಳ್ಕೋತೀಯಾ?"

ಎಲ್ಲರಿಗಿಂತ ಮೊದಲು ಚಪ್ಪಲಿ ಮೆಟ್ಟಿದವರು ಅತ್ತೆ. ಅವತ್ತೇ ಆಸ್ಪತ್ರೆಗೆ ಹೋದರು.

ಡಾಕ್ಟರ್ ಸಮಾಧಾನವಾಗಿ ಮಾತಾಡಿಸಿ ಮಾತ್ರೆ ಬರೆದರು. ವಾರಕ್ಕೊಮ್ಮೆ ಆಪ್ತಸಲಹೆಗೆ ಬರಲು ಹೇಳಿದರು. ಗುಣ ಕಾಣಲು ಕೆಲವು ವಾರ ಬೇಕು, ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ, ಈಗ ಒಬ್ಬಳನ್ನೇ ಬಿಡಬೇಡಿ ಎಂದರು. ಓದು ಎಂದು ಒತ್ತಾಯಿಸುವುದೂ ಬೇಡವಂತೆ. ಹಾಗಾಗಿ ಸಂಜೆ ಹೊತ್ತು ಬೈಂಡರನೇ ಓದಿ ಹೇಳತೊಡಗಿದ. ಸಾವಿರಾರು ಪುಸ್ತಕ ಹೊಲಿದ ಪುಣ್ಯಾತ್ಮ ಒಂದನ್ನೂ ಓದಿದವನಲ್ಲ, ಸಾಲುಸಾಲಿಗೂ ಎಡವುತ್ತಿದ್ದ. ಕೆಲವು ದಿನ ಅವಳು ಕೇಳಿಸಿಕೊಳ್ಳುತ್ತಲೂ ಇರಲಿಲ್ಲ. ಮಾತ್ರೆ ಬೇಡವೆಂದು ಅತ್ತದ್ದೂ ಉಂಟು. ಆಗೆಲ್ಲ ಅತ್ತೆ ಪಕ್ಕದಲ್ಲಿ ಕೂತು ಬೆನ್ನು ಸವರುತ್ತಿದ್ದರು.

ವಾರಗಳು ಕಳೆದವು. ಹೊರಗೆ ಎಲೆಗಳು ಇನ್ನೂ ಉದುರುತ್ತಲೇ ಇದ್ದವು. ಒಂದು ಸಂಜೆ ಅವಳು ಓದನ್ನು ನಡುವೆಯೇ ತಡೆದಳು.

"ಚಳಿ ಬರೋದ್ರೊಳಗೆ ಹೊದಿಕೆಗಳನ್ನೆಲ್ಲ ಬಿಸಿಲಿಗೆ ಹಾಕ್ಬೇಕು ಕಣ್ರೀ."

ಮುಂದೆ ಬರುವ ದಿನದ ಮಾತು ಅವಳ ಬಾಯಲ್ಲಿ ಕೇಳಿ ಎಷ್ಟು ಕಾಲವಾಗಿತ್ತು. ನಾಳೆಯೇ ಹಾಕೋಣ ಎಂದು ಬೈಂಡರ್ ಆಗಲೇ ಎದ್ದು ಹೊದಿಕೆಗಳನ್ನು ಕೆಳಗಿಳಿಸತೊಡಗಿದ.

ನಿಮ್ಮ ಮನೆಯಲ್ಲೂ ಯಾರಾದರೂ ಎರಡು ವಾರಕ್ಕೂ ಹೆಚ್ಚು ಮಂಕಾಗಿ, ಊಟ ನಿದ್ದೆ ಸರಿಯಿಲ್ಲದೆ, ಇಷ್ಟದ ಕೆಲಸವೂ ಬೇಡವಾಗಿ ಕೂತಿದ್ದರೆ ಪಕ್ಕದಲ್ಲಿ ಕೂತು ಕೇಳಿ. ಏನಿಲ್ಲ ಎಂದರೆ ಇನ್ನೊಂದು ಸಲ ಕೇಳಿ. ಆಸ್ಪತ್ರೆಗೆ ಜೊತೆಯಲ್ಲಿ ಹೋಗಿ. ಸಾಯುವ ಮಾತು ಬಂದರೆ ಒಬ್ಬರನ್ನೇ ಬಿಡದೆ ಅವತ್ತೇ ಕರೆದುಕೊಂಡು ಹೋಗಿ. ಇದು ವಾಸಿಯಾಗುವ ಕಾಯಿಲೆ. ಓದುತ್ತಿರುವ ನಿಮಗೇ ಹೀಗಾಗುತ್ತಿದ್ದರೆ, ಹೇಳಲು ಮಾತು ಸಿಗದಿದ್ದರೂ ಚಿಂತೆಯಿಲ್ಲ. ಈ ಹಾಳೆಯನ್ನು ನಿಮ್ಮವರ ಕೈಗೆ ಕೊಡಿ.