ನಕ್ಷೆಯಲ್ಲಿ ಖಾಲಿ ಜಾಗ

ನರ್ಸರಿ ನೋಡಿಕೊಳ್ಳುವವಳನ್ನು ಎಲ್ಲರೂ ಸಸಿಯಕ್ಕ ಎಂದೇ ಕರೆಯುತ್ತಿದ್ದರು. ಭೂಮಿಯ ಬಿಸಿ ಇಳಿಯಬೇಕಾದರೆ ಮರ ಬೆಳೆಸಬೇಕು ಎಂದು ಅರಣ್ಯ ಕಚೇರಿಯವರು ಹೇಳಿದ್ದರು. ಅವಳಿಗೂ ಅದರಲ್ಲಿ ಅನುಮಾನವಿರಲಿಲ್ಲ. ಆ ವರ್ಷ ಎರಡು ಸಾವಿರ ಸಸಿ ಬೆಳೆಸಿದಳು. ಬೇರುಗಳು ಚೀಲದೊಳಗೇ ಸುರುಳಿ ಸುತ್ತತೊಡಗಿದ್ದವು, ತಡಮಾಡುವಂತಿರಲಿಲ್ಲ.

ನೆಡಲು ಜಾಗ ಗುರುತಿಸಿದವರು ಅವಳ ಅಕ್ಕನ ಗಂಡ, ಕಚೇರಿಯಲ್ಲಿ ನಕ್ಷೆ ಬರೆಯುವವರು. ಅವರ ನಕ್ಷೆ ಹಿಡಿದು, ನಾಲ್ವರು ಆಳುಗಳೊಂದಿಗೆ ಲಾರಿ ಹತ್ತಿದಳು. ಮೊದಲ ಜಾಗದಲ್ಲಿ ಗುದ್ದಲಿ ಗೇಣುದ್ದ ಇಳಿಯುವ ಮೊದಲೇ ಬಂಡೆಗೆ ಬಡಿದು ಠಣ್ಣೆಂದಿತು. ಎರಡನೆಯದು ಹುಲ್ಲುಗಾವಲು. ಕುರಿ ಮೇಯಿಸುತ್ತಿದ್ದ ಮುದುಕಿ ಲಾರಿಗೆ ಅಡ್ಡ ನಿಂತಳು.

"ಏನಮ್ಮ ಇದೆಲ್ಲ?"

"ಗಿಡ, ಅಜ್ಜಿ. ಈ ಖಾಲಿ ಜಾಗದಲ್ಲಿ ನೆಡ್ತೀವಿ."

"ಖಾಲಿನಾ? ಇಷ್ಟು ಕುರಿ ನಿನ್ನ ಕಣ್ಣಿಗೆ ಬೀಳಲಿಲ್ವಾ?"

ಮುದುಕಿ ಕುಡುಗೋಲಿನಿಂದ ನೆಲ ಕೆದಕಿ ಒಂದು ಹುಲ್ಲಿನ ಬುಡ ಕಿತ್ತಳು. ಮೊಳದುದ್ದದ ಬೇರು, ಅದಕ್ಕಂಟಿದ ಕಪ್ಪು ಮಣ್ಣು.

"ಇದೂ ಮಣ್ಣು ಹಿಡಿದಿರೋ ಬೇರಲ್ವಾ? ಇದನ್ನ ತೆಗೆದು ಅದನ್ನ ನೆಟ್ಟರೆ ಏನು ಬಂತು?"

ಸಸಿಯಕ್ಕ ಅಲ್ಲಿಂದಲೇ ಭಾವನಿಗೆ ಫೋನ್ ಮಾಡಿದಳು.

"ಭಾವ, ಇಲ್ಲಿ ಕುರಿಗಳಿವೆ."

"ನಕ್ಷೇಲಿ ಕುರಿ ಕಾಣಲ್ಲಮ್ಮ."

"ಮತ್ತೆ ಎಲ್ಲಿ ನೆಡ್ಲಿ?"

"ಇದು ಬಿಟ್ರೆ ಉಳಿದಿದ್ದೆಲ್ಲ ಹೊಲಗಳೇ. ಅಲ್ಲಿ ಮರ ಹಾಕಿದ್ರೆ ಊಟಕ್ಕೇನು ಮಾಡೋಣ?"

ಅವಳು ಪೆಚ್ಚಾಗಿ ನಿಂತದ್ದನ್ನು ಕಂಡು ಮುದುಕಿಗೇ ಕನಿಕರ ಬಂತು. ಇಳಿಜಾರಿನ ಕೆಳಗೆ ಮಳೆನೀರು ಕೊರೆದಿದ್ದ ಹಳ್ಳದತ್ತ ಕೈ ತೋರಿದಳು.

"ಅಲ್ಲಿ ಮೊದಲು ಮರಗಳಿದ್ದವು, ಕಡಿದರು. ಅಲ್ಲಿ ನೆಡು. ಕುರಿ ಬಾಯಿ ಹಾಕದ ಹಾಗೆ ನಾನು ನೋಡ್ಕೋತೀನಿ."

ಸಂಜೆಯವರೆಗೆ ದುಡಿದರೂ ಹಳ್ಳದ ದಡದಲ್ಲಿ ಹಿಡಿಸಿದ್ದು ಮುನ್ನೂರೇ. ಉಳಿದವನ್ನು ವಾಪಸ್ ತಂದು, ಸುರುಳಿ ಸುತ್ತಿದ ಬೇರು ಕತ್ತರಿಸಿ, ದೊಡ್ಡ ಚೀಲಗಳಿಗೆ ಹಾಕತೊಡಗಿದಳು. ಮುದುಕಿಯ ಮಾತು ಕೇಳಿ ತಪ್ಪು ಮಾಡಿದೆನೋ, ಕೇಳದಿದ್ದರೆ ತಪ್ಪಾಗುತ್ತಿತ್ತೋ, ಅವಳಿಗೆ ಒಂದೂ ಬಗೆಹರಿಯಲಿಲ್ಲ.

ಮರುದಿನ ಭಾವ ನರ್ಸರಿಗೆ ಬಂದರು. ಬೈಯುತ್ತಾರೆಂದುಕೊಂಡರೆ, ಪಕ್ಕದಲ್ಲಿ ಕೂತು ಚೀಲಕ್ಕೆ ಮಣ್ಣು ತುಂಬತೊಡಗಿದರು.

"ಮರ ಒಳ್ಳೇದೇ ಅಲ್ವಾ, ಭಾವ?"

"ಒಳ್ಳೇದೇ."

"ಹುಲ್ಲು?"

ಭಾವ ಮಣ್ಣಿನ ಕೈಯಲ್ಲೇ ತಲೆ ಕೆರೆದುಕೊಂಡರು. "ಗೊತ್ತಿಲ್ಲಮ್ಮ. ನಾಳೆ ನನ್ನನ್ನೂ ಆ ಹುಲ್ಲುಗಾವಲಿಗೆ ಕರ್ಕೊಂಡು ಹೋಗು."