ಅಪ್ಪನ ಮಣ್ಣಿಗೆ ಅರವತ್ತು ಮಾರು

ಒಣಗಿದ ಹುವಾಬ್ ನದಿಯ ನಡುವೆ ಗಾಡಿ ನಿಲ್ಲಿಸಿ ಇಳಿದ ರೊಜೀನಾ, ಮರಳಿನಲ್ಲಿದ್ದ ಆನೆಹೆಜ್ಜೆಯ ಅಂಚನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಅಂಚು ಇನ್ನೂ ಉದುರಿರಲಿಲ್ಲ. ಆನೆಗಳು ಹೋಗಿ ಅರ್ಧ ಗಂಟೆಯೂ ಆಗಿರಲಾರದು. ಹೆಜ್ಜೆಗಳು ಅವಳ ಊರಿನ ಕಡೆಗೇ ಹೊರಟಿದ್ದವು.

ಹತ್ತು ಗಂಟೆಗೆ ಆ ಊರಿನಲ್ಲಿ ಅವಳ ಅಪ್ಪ ಎಲಿಫಾಸನ ಮಣ್ಣು. ಗಾಡಿಯಲ್ಲಿದ್ದವರು ಅವಳು ಗೈಡಾಗಿದ್ದ ಸಫಾರಿ ಲಾಡ್ಜಿನ ನಾಲ್ವರು ಅತಿಥಿಗಳು. ಮೂರು ದಿನ ಸುತ್ತಿದರೂ ಆನೆ ಕಾಣದೆ ಮುಖ ಊದಿಸಿಕೊಂಡಿದ್ದರು, ಮಧ್ಯಾಹ್ನ ಹೊರಡುವವರಿದ್ದರು.

ಬೆಳಿಗ್ಗೆ ಅವಳು ಮನೆಯಿಂದ ಹೊರಟಾಗ ಲಿಡಿಯಾ ಅತ್ತೆ ಬಾಗಿಲಿಗೆ ಅಡ್ಡ ನಿಂತಿದ್ದಳು.

"ಇವತ್ತೂ ಕೆಲಸಾನಾ? ನಮ್ಮಣ್ಣ ಯಾರ ಮದುವೆಗೂ ಹೊತ್ತಿಗೆ ಸರಿಯಾಗಿ ಬಂದೋನಲ್ಲ. ಯಾವಾಗ್ಲೂ ಯಾರೋ ಅತಿಥಿಗೆ ಆನೆ ತೋರಿಸ್ತಾ ಇರ್ತಿದ್ದ. ನೀನೂ ಅವನ ಮಗಳೇ ಬಿಡು."

"ಇನ್ನೊಬ್ಬ ಗೈಡು ಅಪ್ಪನ ಪೆಟ್ಟಿಗೆ ತರೋಕೆ ಹೋಗಿದಾನೆ ಅತ್ತೆ. ಅದಕ್ಕೆ ಗಾಡಿ ಕೊಟ್ಟೋರೂ ಲಾಡ್ಜಿನೋರು, ಊಟಕ್ಕೆ ಆಡು ಕೊಟ್ಟೋರೂ ಅವರೇ. ಯಾವ ಬಾಯಲ್ಲಿ ಆಗಲ್ಲ ಅನ್ಲಿ?"

ಅವ್ವ ಒಲೆಯ ಮುಂದಿನಿಂದ ಏಳಲಿಲ್ಲ. "ಹತ್ತಕ್ಕೆ ಬಂದ್ಬಿಡು. ಅವನನ್ನ ಇಳಿಸುವಾಗ ನೀನು ನನ್ನ ಪಕ್ಕ ಇರ್ಬೇಕು," ಎಂದಷ್ಟೇ ಹೇಳಿದಳು.

ಈಗ ಹೆಜ್ಜೆ ಹಿಡಿದು ಹೋದರೆ ಅತಿಥಿಗಳಿಗೆ ಆನೆಯೂ ಸಿಕ್ಕೀತು, ತಾನು ಹೊತ್ತಿಗೆ ಸರಿಯಾಗಿ ಊರನ್ನೂ ಮುಟ್ಟಬಹುದು. ರೊಜೀನಾ ಒಳಗೊಳಗೇ ಹಿಗ್ಗಿದಳು.

*

ಎಲಿಫಾಸ್ ಇಪ್ಪತ್ತಾರು ವರ್ಷ ಆ ಲಾಡ್ಜಿನಲ್ಲಿ ಆನೆಗಳ ಜಾಡು ಹುಡುಕಿದವನು. ಅಲ್ಲಿನ ಊಟದ ಕೋಣೆಯ ಗೋಡೆಯ ತುಂಬ ಅವನು ಹುಡುಕಿಕೊಟ್ಟ ಆನೆಗಳ ಚಿತ್ರಗಳು. ಅವನದೊಂದು ಚಿತ್ರವೂ ಇಲ್ಲ.

ರೊಜೀನಾ ಕೆಲಸಕ್ಕೆ ಸೇರಿದ ಹೊಸತು. ಮರಿ ಇದ್ದ ಹಿಂಡಿನ ಹತ್ತಿರ ಅವಸರಪಟ್ಟು ಎಂಜಿನ್ ಚಾಲೂ ಮಾಡಿದ್ದಳು. ತಾಯಿ ಆನೆ ಕಿವಿ ಅರಳಿಸಿಕೊಂಡು ನುಗ್ಗಿ ಬಂತು. ಅಪ್ಪ ಸೀಟಿನ ಮೇಲೆ ಎದ್ದು ನಿಂತು, ನೆರೆಮನೆಯವಳೊಡನೆ ಹರಟುವ ದನಿಯಲ್ಲಿ ಅದರೊಡನೆ ಮಾತಾಡಿದ. ಅದು ಹಿಂದೆ ಸರಿಯಿತು. ಲಾಡ್ಜಿಗೆ ಮರಳಿದ ಮೇಲೆ ಅವನು ಗಾಡಿಯ ಹಿಂದೆ ಕುಸಿದು ಕೂತ.

"ಹೆದರಿಕೆ ಆಗ್ಲಿಲ್ವೇನಪ್ಪಾ?"

"ಉಚ್ಚೆ ಹೊಯ್ಕೊಂಡಿದೀನಿ ಕಣೇ. ಅತಿಥಿಗಳಿಗೆ ಹೇಳ್ಬೇಡ."

*

ಊರ ಮುಂದಿನ ದೊಡ್ಡ ಮರಗಳ ಕೆಳಗೆ ಹನ್ನೊಂದು ಆನೆಗಳು ಉದುರಿದ ಕಾಯಿ ಮೇಯುತ್ತಿದ್ದವು. ನಡುವೆ ವಾರದ ಹಿಂದೆ ಹುಟ್ಟಿದ ಮರಿ. ಆಚೆ ದಡದಲ್ಲೇ ಊರಿನ ಸಮಾಧಿಗಳು, ಅಪ್ಪನ ಪೆಟ್ಟಿಗೆಯ ಸುತ್ತ ನೆರೆದ ಜನ, ಅರವತ್ತು ಮಾರು ದೂರವೂ ಇಲ್ಲ. ರೊಜೀನಾ ಎಂಜಿನ್ ಆರಿಸಿದಳು. ಅಷ್ಟರಲ್ಲಿ ಇನ್ನೆರಡು ಆನೆಗಳು ಗಾಡಿಯ ಹಿಂದೆ ಬಂದು ನಿಂತವು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ.

ಹತ್ತೂಕಾಲಕ್ಕೆ ಅವಳ ತೊಡೆಯ ಮೇಲಿದ್ದ ಫೋನು ನಡುಗಿತು, ಆಚೆ ದಡದಿಂದ ತಮ್ಮ ಯೋಬನ ಕರೆ.

"ಎಲ್ಲಿದೀಯೇ ಅಕ್ಕಾ?"

"ನಿಮ್ಮೆದುರಿಗೇ ಇದೀನಿ."

"ಕಾಣ್ತಿದೆ. ಮರಿ ಬೆದರಿದ್ರೆ ಅಂತ ಇಲ್ಲಿ ಹಾಡನ್ನೂ ಪಿಸುಗುಟ್ತಿದಾರೆ. ಪಾದ್ರಿ ಮೂರು ಸಲ ಗಡಿಯಾರ ನೋಡಿದ್ರು. ಅವನ್ನ ದೂರ ಕಳಿಸೋಕೆ ಆಗಲ್ವಾ?"

"ಕಳಿಸೋಕೆ ಬರ್ತಿದ್ದೋನು ಪೆಟ್ಟಿಗೇಲಿ ಇದಾನಲ್ಲೋ."

"ಅವ್ವ ಕಾಯೋಣ ಅಂತಿದಾಳೆ. ಆದ್ರೆ ಅಪ್ಪ ಹೋಗಿ ಮೂರು ದಿನ ಆಯ್ತು, ಬಿಸಿಲು ಏರ್ತಿದೆ..."

ಇಳಿದು ಓಡೋಣವೆಂದರೆ ಗಾಡಿಯಲ್ಲಿ ಕೂತ ನಾಲ್ಕು ಜೀವಗಳು ಅವಳ ಕೈಯಲ್ಲಿದ್ದವು. ಕೂತಿರೋಣವೆಂದರೆ ಅಪ್ಪ ಮತ್ತೆ ಸಿಗುವುದಿಲ್ಲ. ಅಳು ಒತ್ತರಿಸಿ ಬಂತು. ಅದನ್ನೂ ಸದ್ದಿಲ್ಲದೆ ನುಂಗಬೇಕಾಯಿತು.

"ಇಳಿಸ್ರೋ," ಎಂದಳು.

ಪಕ್ಕದ ಸೀಟಿನಲ್ಲಿದ್ದ ಅತಿಥಿ ಮುದುಕಿ ಅವಳ ಕಣ್ಣೀರು ನೋಡಿ ಮೆಲ್ಲಗೆ ಮೊಣಕೈ ಮುಟ್ಟಿದಳು. "ನನಗೂ ಹಾಗೇ ಆಗ್ತಿದೆ ಕಣಮ್ಮ. ಎಷ್ಟು ಚೆಂದ ಅಲ್ವಾ? ತಗೋ, ನೀನೂ ನೋಡು," ಎಂದು ತನ್ನ ದುರ್ಬೀನು ಕೊಟ್ಟಳು.

ರೊಜೀನಾ ಅದನ್ನು ಆನೆಗಳ ಬೆನ್ನ ಮೇಲಿನಿಂದ ಆಚೆ ದಡಕ್ಕೆ ತಿರುಗಿಸಿದಳು. ಹಗ್ಗ ಹಿಡಿದು ಬಾಗಿದ ಯೋಬ ಕಂಡ. ಗುಂಡಿಯ ಅಂಚಿನಲ್ಲಿ ಪಕ್ಕದ ಜಾಗ ಖಾಲಿ ಬಿಟ್ಟುಕೊಂಡು ನಿಂತ ಅವ್ವ ಕಂಡಳು. ಅವಳು ಗುಂಡಿಯನ್ನು ನೋಡದೆ ಗಾಡಿಯನ್ನೇ ನೋಡುತ್ತಿದ್ದಳು. ಅಷ್ಟರಲ್ಲಿ ಮರಿಯ ತಾಯಿ ಎರಡು ಹೆಜ್ಜೆ ಮುಂದಕ್ಕೆ ಬಂತು. ದುರ್ಬೀನಿನ ತುಂಬ ಸುಕ್ಕುಗಟ್ಟಿದ ಬೂದು ಚರ್ಮ. ಅದರಾಚೆಯಿಂದ ಸಲಿಕೆಯ ಸದ್ದು.